ನಮ್ಮ ಗಲ್ಲಿಯ ಕೆಲಸ ಎಲ್ಲಿ ನಿಂತಿದೆ? ಬೆಳಗಾವಿ ಪಾಲಿಕೆಯ ಪ್ರಗತಿ ವರದಿ ಓದುವ ಬಗೆ

ಪಾಲಿಕೆಯ ಸಾಮಾನ್ಯ ಸಭೆ ಮುಗಿದ ಮರುದಿನ ಪೇಪರಿನಲ್ಲಿ ಸುದ್ದಿ ಇರುತ್ತದೆ. ಇಷ್ಟು ಕಾಮಗಾರಿಗೆ ಒಪ್ಪಿಗೆ, ಅಷ್ಟು ಕೋಟಿಯ ಕ್ರಿಯಾ ಯೋಜನೆ, ಇಂಥ ವಿಭಾಗದ ಪ್ರಗತಿ ತೃಪ್ತಿಕರ. ಪೇಪರ್ ಮಡಚಿಟ್ಟು ಹೊರಗೆ ಬಂದರೆ ಮನೆ ಮುಂದಿನ ಗಟಾರ ಹೋದ ತಿಂಗಳು ಹೇಗಿತ್ತೋ ಹಾಗೇ ಇದೆ. ಆಗ ನಮ್ಮ ಬಾಯಿಂದ ಬರುವ ಮಾತು ಒಂದೇ: ‘ಬರೀ ಕಾಗದದ ಮ್ಯಾಲ ಕೆಲಸ ಮಾಡ್ತಾರ.’

ಕೆಲಸ ಕಾಗದದ ಮೇಲೆ ಇದೆ ಅನ್ನುವುದೇ ನಮಗೆ ಅನುಕೂಲ. ಒಂದು ಗಟಾರ ಕಟ್ಟಬೇಕಾದರೂ ಅದು ಪಾಲಿಕೆಯಲ್ಲಿ ಹಲವು ಮೇಜು ದಾಟಿ ಬರಬೇಕು. ಪ್ರತಿ ಮೇಜಿನಲ್ಲೂ ಒಂದು ದಾಖಲೆ ಹುಟ್ಟುತ್ತದೆ. ನಮ್ಮ ಕೆಲಸ ಯಾವ ಮೇಜಿನ ಮೇಲೆ ನಿಂತಿದೆ ಅಂತ ಗೊತ್ತಾದರೆ ಯಾರನ್ನು ಕಾಣಬೇಕು, ಏನು ಕೇಳಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಗೊತ್ತಿಲ್ಲದಿದ್ದರೆ ಎಲ್ಲರ ಮೇಲೂ ಸಿಟ್ಟು ಮಾಡಿಕೊಂಡು ಬರಿಗೈಯಲ್ಲಿ ಮನೆಗೆ ಬರುತ್ತೇವೆ. ಆ ಮೇಜು ಹುಡುಕುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ಉದಾಹರಣೆಗಳೆಲ್ಲ ಬೆಳಗಾವಿಯವು. ವಿಜಯಪುರದ್ದೂ ಮಹಾನಗರ ಪಾಲಿಕೆ, ಅದೇ 1976ರ ಮಹಾನಗರ ಪಾಲಿಕೆಗಳ ಕಾಯ್ದೆ. ಹಾಗಾಗಿ ಹೆಚ್ಚುಕಡಿಮೆ ಎಲ್ಲವೂ ಅಲ್ಲಿಗೂ ಹೊಂದುತ್ತದೆ. ಬಾಗಲಕೋಟೆಯದು ನಗರಸಭೆ, ಅದಕ್ಕೆ 1964ರ ಪುರಸಭೆಗಳ ಕಾಯ್ದೆ. ಜೊತೆಗೆ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದವರಿಗಾಗಿ ಕಟ್ಟಿದ ನವನಗರದ ವಿಷಯದಲ್ಲಿ ಬಿಟಿಡಿಎ ಎಂಬ ಪ್ರಾಧಿಕಾರವೂ ಇದೆ. ಅಲ್ಲಿನವರು ಮುಂದಿನ ಮೊದಲ ಹೆಜ್ಜೆಯನ್ನು ಇನ್ನೂ ಗಮನವಿಟ್ಟು ಓದಬೇಕು.

ಹೆಜ್ಜೆ 1: ಕೆಲಸ ಯಾರದು ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ

ಬೆಳಗಾವಿ ಪಾಲಿಕೆಯಲ್ಲಿ 58 ವಾರ್ಡುಗಳಿವೆ. ಆದರೆ ಊರಿನೊಳಗೆ ಕೆಲಸ ಮಾಡುವುದು ಪಾಲಿಕೆ ಒಂದೇ ಅಲ್ಲ. ಜನ ಅಲೆದಾಡುವುದರಲ್ಲಿ ಅರ್ಧ ಪಾಲು ಇಲ್ಲೇ ಆಗುವುದು.

ವಾರ್ಡಿನ ಒಳರಸ್ತೆ, ಮಳೆ ನೀರಿನ ಗಟಾರ, ಕಸ, ಬೀದಿ ದೀಪ, ಉದ್ಯಾನ, ಆಸ್ತಿ ಕರ, ಖಾತೆ, ಜನನ ಮರಣ ಪ್ರಮಾಣ ಪತ್ರ ಇವೆಲ್ಲ ಪಾಲಿಕೆಯವು. ಕ್ಯಾಂಪ್ ಭಾಗದಲ್ಲಿದ್ದರೆ ನಿಮ್ಮದು ಕಂಟೋನ್ಮೆಂಟ್ ಬೋರ್ಡ್. ಅದು ರಕ್ಷಣಾ ಸಚಿವಾಲಯದ ಅಡಿ ಬರುತ್ತದೆ, ಅದಕ್ಕೆ 2006ರ ಬೇರೆಯೇ ಕಾಯ್ದೆ ಇದೆ. ಬುಡಾ, ಅಂದರೆ ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರ ಮಾಡಿದ ಬಡಾವಣೆಯಾದರೆ ಅದು ಪಾಲಿಕೆಗೆ ಹಸ್ತಾಂತರ ಆಗಿದೆಯೋ ಇಲ್ಲವೋ ಅಂತ ವಿಚಾರಿಸಿ. ಹಸ್ತಾಂತರ ಆಗುವವರೆಗೆ ಅಲ್ಲಿನ ರಸ್ತೆ, ದೀಪ ಬುಡಾ ಹೊಣೆ. ಕೆಲವು ದೊಡ್ಡ ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಊರಂಚಿನ ಪುಣೆ–ಬೆಂಗಳೂರು ಹೆದ್ದಾರಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು. ವಿದ್ಯುತ್ ತಂತಿ ಹೆಸ್ಕಾಂನದು, ಅದೇ ಕಂಬದ ಮೇಲಿನ ಬೀದಿ ದೀಪ ಪಾಲಿಕೆಯದು. ದೀಪ ಕೆಟ್ಟಿದ್ದಕ್ಕೆ ಹೆಸ್ಕಾಂಗೆ, ತಂತಿ ಜೋತುಬಿದ್ದದ್ದಕ್ಕೆ ಪಾಲಿಕೆಗೆ ಅರ್ಜಿ ಕೊಟ್ಟವರು ಬೇಕಾದಷ್ಟು ಜನ ಇದ್ದಾರೆ.

ನೀರಿನದು ಇನ್ನೊಂದು ಬಗೆ. ರಾಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳಿಂದ ಊರಿಗೆ ನೀರು ಬರುತ್ತದೆ. ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ಮೊದಲು 10 ವಾರ್ಡುಗಳಿಗೆ ದಿನದ 24 ಗಂಟೆ ನೀರು ಕೊಟ್ಟು ತೋರಿಸಿದರು. ಈಗ ಅದನ್ನು ಇಡೀ ಊರಿಗೆ ಹರಡುವ ಕೆಲಸ ಕೆಯುಐಡಿಎಫ್‌ಸಿ ಎಂಬ ರಾಜ್ಯ ಸರ್ಕಾರದ ನಗರ ಮೂಲಸೌಕರ್ಯ ಸಂಸ್ಥೆಯ ಮೂಲಕ ನಡೆದಿದೆ. ಪೈಪಿಗಾಗಿ ರಸ್ತೆ ಅಗೆದವರು ಒಬ್ಬರು, ರಸ್ತೆ ಪಾಲಿಕೆಯದು, ತೊಂದರೆ ನಮ್ಮದು. ಇಂಥ ಕಡೆ ಎರಡೂ ಕಡೆಗೆ ಬರೆಯಿರಿ. ಪಾಲಿಕೆಗೆ ಕೇಳಬೇಕಾದ ಪ್ರಶ್ನೆ ಒಂದೇ: ‘ಅಗೆದ ರಸ್ತೆಯನ್ನು ಮೊದಲಿನಂತೆ ಮಾಡುವ ಹೊಣೆ ಯಾರ ಮೇಲಿದೆ, ಅದಕ್ಕೆ ಹಣ ಕಟ್ಟಿಸಿಕೊಂಡಿದ್ದೀರಾ?’

ಸ್ಮಾರ್ಟ್ ಸಿಟಿ ಕೆಲಸಗಳು ನೆನಪಿರಬಹುದು. 2016ರ ಜನವರಿಯಲ್ಲಿ ಬಂದ ದೇಶದ ಮೊದಲ 20 ಊರುಗಳ ಪಟ್ಟಿಯಲ್ಲೇ ಬೆಳಗಾವಿ ಇತ್ತು. ಆ ಕೆಲಸ ಮಾಡಿದ್ದು ಪ್ರತ್ಯೇಕ ಕಂಪನಿ. ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿಯಿತು. ಹಾಗಾಗಿ ನಿಮ್ಮ ಏರಿಯಾದ ಸ್ಮಾರ್ಟ್ ರಸ್ತೆಯ ಟೈಲ್ಸ್ ಎದ್ದಿದ್ದರೆ, ಉದ್ಯಾನದ ದೀಪ ಆರಿದ್ದರೆ, ಆ ಆಸ್ತಿ ಪಾಲಿಕೆಗೆ ಹಸ್ತಾಂತರ ಆಗಿದೆಯಾ, ನಿರ್ವಹಣೆಯ ಹಣ ಎಲ್ಲಿಂದ ಅಂತ ಲಿಖಿತವಾಗಿ ಕೇಳಿ. ಮುಂದಿನ ಹತ್ತು ವರ್ಷ ಈ ಊರಿನಲ್ಲಿ ತುಂಬಾ ಬೇಕಾಗುವ ಪ್ರಶ್ನೆ ಇದು.

ಹೆಜ್ಜೆ 2: ವರದಿಗಳು ಹುಟ್ಟುವ ಜಾಗ

‘ಪಾಲಿಕೆಯ ಪ್ರಗತಿ ವರದಿ’ ಅಂತ ಒಂದೇ ಪುಸ್ತಕ ಸಿಗುವುದಿಲ್ಲ. ತುಣುಕು ತುಣುಕಾಗಿ ಸಿಗುತ್ತದೆ. ನಾವೇ ಜೋಡಿಸಿಕೊಳ್ಳಬೇಕು.

ಮೊದಲನೆಯದು ಸಾಮಾನ್ಯ ಸಭೆಯ ವಿಷಯಪಟ್ಟಿ ಮತ್ತು ನಡವಳಿ. ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು ಅನ್ನುತ್ತದೆ ಕಾಯ್ದೆ. ಸಭೆಗೆ ಮುಂಚೆ ವಿಷಯಪಟ್ಟಿ, ಆಮೇಲೆ ಠರಾವುಗಳ ನಡವಳಿ ತಯಾರಾಗುತ್ತದೆ. ಎರಡೂ ಸಿಗುವುದು ಸುಭಾಷ್ ನಗರದ ಮುಖ್ಯ ಕಚೇರಿಯ ಕೌನ್ಸಿಲ್ ವಿಭಾಗದಲ್ಲಿ. ನಿಮ್ಮ ನಗರಸೇವಕರ ಹತ್ತಿರವೂ ಒಂದು ಪ್ರತಿ ಇದ್ದೇ ಇರುತ್ತದೆ. ಕೇಳಿದರೆ ಫೋಟೋ ತೆಗೆದುಕೊಳ್ಳಲು ಬಿಡುವವರೇ ಜಾಸ್ತಿ.

ನಡವಳಿಯಲ್ಲಿ ‘ಘಟನೋತ್ತರ ಮಂಜೂರಾತಿ’ ಅನ್ನುವ ಪದ ಕಂಡರೆ ನಿಂತು ಓದಿ. ಕೆಲಸ ಅಥವಾ ಖರ್ಚು ಮೊದಲೇ ಆಗಿಹೋಗಿದೆ, ಸಭೆಯ ಒಪ್ಪಿಗೆ ಈಗ ಪಡೆಯುತ್ತಿದ್ದಾರೆ ಅಂತ ಅದರ ಅರ್ಥ. ಮಳೆಗಾಲದ ತುರ್ತು ಕೆಲಸಕ್ಕೆ ಇದು ಬೇಕಾಗುತ್ತದೆ. ತುರ್ತು ಅಲ್ಲದ ಕೆಲಸಕ್ಕೂ ಮತ್ತೆ ಮತ್ತೆ ಬಂದರೆ ನಗರಸೇವಕರನ್ನು ಕೇಳುವುದು ನಮ್ಮ ಹಕ್ಕು.

ಎರಡನೆಯದು ಸ್ಥಾಯಿ ಸಮಿತಿಗಳು. ಪಾಲಿಕೆಯಲ್ಲಿ ನಾಲ್ಕು ಇವೆ: ತೆರಿಗೆ, ಹಣಕಾಸು ಮತ್ತು ಅಪೀಲು; ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯ; ನಗರ ಯೋಜನೆ; ಲೆಕ್ಕಪತ್ರ. ಪೇಪರಿನವರು ಸಾಮಾನ್ಯ ಸಭೆಯ ಗದ್ದಲ ಬರೆಯುತ್ತಾರೆ, ಸಮಿತಿಯ ಸಭೆಗೆ ಅಷ್ಟು ಜಾಗ ಸಿಗುವುದಿಲ್ಲ. ಆದರೆ ವಿಷಯಗಳನ್ನು ನಿಧಾನವಾಗಿ ಕೂತು ನೋಡುವುದು ಸಮಿತಿಯಲ್ಲೇ. ನಿಮ್ಮ ನಗರಸೇವಕರು ಯಾವ ಸಮಿತಿಯಲ್ಲಿದ್ದಾರೆ ಅಂತ ತಿಳಿದುಕೊಳ್ಳಿ.

ಮೂರನೆಯದು ಕೆಡಿಪಿ ಸಭೆ. ಜಿಲ್ಲಾ ಉಸ್ತುವಾರಿ ಸಚಿವರು ಮೂರು ತಿಂಗಳಿಗೊಮ್ಮೆ ಎಲ್ಲ ಇಲಾಖೆಗಳ ಪ್ರಗತಿ ನೋಡುವ ಸಭೆ ಇದು. ಅದಕ್ಕಾಗಿ ಇಲಾಖೆಗಳು ಅಂಕಿ ಅಂಶ ತಯಾರಿಸಲೇಬೇಕು. ಪಾಲಿಕೆ, ಹೆಸ್ಕಾಂ, ಲೋಕೋಪಯೋಗಿ ಎಲ್ಲರದ್ದೂ ಒಂದೇ ಕಡೆ ಸಿಗುವುದರಿಂದ ಹೋಲಿಸಿ ನೋಡಲು ಒಳ್ಳೆಯದು.

ಇದರ ಜೊತೆಗೆ ಬಜೆಟ್. ಪಾಲಿಕೆಯ ವರ್ಷ ಏಪ್ರಿಲ್‌ನಿಂದ ಮಾರ್ಚ್. ಬಜೆಟ್ ಮಂಡಿಸುವ ಮುಂಚೆ ಸಾರ್ವಜನಿಕರ ಸಲಹೆ ಕೇಳುವ ಸಭೆ ನಡೆಸುತ್ತಾರೆ. ಅದಕ್ಕೆ ಹೋಗುವವರು ತೀರಾ ಕಡಿಮೆ. ಹತ್ತು ಜನ ಒಂದೇ ಗಲ್ಲಿಯಿಂದ ಹೋಗಿ ಒಂದೇ ಬೇಡಿಕೆ ಲಿಖಿತವಾಗಿ ಕೊಟ್ಟರೆ ಅದರ ತೂಕ ಬೇರೆ.

ಹೆಜ್ಜೆ 3: ಹಂತಗಳ ಹೆಸರು ಕಲಿಯಿರಿ

ಈ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ. ವರದಿಯಲ್ಲಿ ಬರುವ ಪದಗಳು ಕಷ್ಟ ಅನಿಸುತ್ತವೆ, ಆದರೆ ಒಂದೊಂದು ಪದವೂ ಒಂದೊಂದು ಮೇಜು.

ಶುರುವಾಗುವುದು ಕ್ರಿಯಾ ಯೋಜನೆಯಿಂದ. ಈ ವರ್ಷ ಈ ಅನುದಾನದಲ್ಲಿ ಇಂಥ ಕೆಲಸ ಮಾಡುತ್ತೇವೆ ಅನ್ನುವ ಪಟ್ಟಿ ಅದು. ಪಟ್ಟಿಯಲ್ಲಿ ನಿಮ್ಮ ಗಲ್ಲಿಯ ಹೆಸರು ಬಂತು ಅಂದರೆ ಆಸೆಗೆ ಕಾರಣ ಇದೆ, ಅಷ್ಟೇ. ಅನುದಾನ ಬಿಡುಗಡೆ ಆಗಿರಬೇಕೆಂದೇನೂ ಇಲ್ಲ. ಪೇಪರಿನ ‘ಒಪ್ಪಿಗೆ’ ಬಹಳ ಸಲ ಈ ಹಂತದ್ದೇ. ಇಲ್ಲಿ ಹೆಸರೇ ಇಲ್ಲದಿದ್ದರೆ ಎಂಜಿನಿಯರ್ ಹತ್ತಿರ ಹೋಗಿ ಉಪಯೋಗವಿಲ್ಲ. ನಗರಸೇವಕರು, ಶಾಸಕರು ಇವರ ಹತ್ತಿರ ಹೋಗಬೇಕು. ಊರಿನ ಶಾಸಕರು, ಸಂಸದರೂ ಪಾಲಿಕೆ ಸಭೆಯ ಸದಸ್ಯರೇ.

ಆಮೇಲೆ ಅಂದಾಜು ಪತ್ರಿಕೆ. ವಾರ್ಡಿನ ಜೆಇ, ಅಂದರೆ ಜೂನಿಯರ್ ಎಂಜಿನಿಯರ್, ಬಂದು ಅಳತೆ ಮಾಡಿ, ದರಪಟ್ಟಿ ನೋಡಿ, ಎಷ್ಟು ಉದ್ದ, ಎಷ್ಟು ಆಳ, ಎಷ್ಟು ಕಾಂಕ್ರೀಟ್, ಎಷ್ಟು ಖರ್ಚು ಅಂತ ಬರೆಯುತ್ತಾರೆ. ಅದಕ್ಕೆ ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ ಎರಡೂ ಬೇಕು. ಮೊದಲನೆಯದು ‘ಈ ಕೆಲಸಕ್ಕೆ ದುಡ್ಡು ಖರ್ಚು ಮಾಡಬಹುದು’ ಅನ್ನುವ ಮಾತು, ಎರಡನೆಯದು ‘ಲೆಕ್ಕ, ವಿನ್ಯಾಸ ಸರಿ ಇದೆ’ ಅನ್ನುವ ಮಾತು. ಜೆಇ ಅಳತೆಗೆ ಬಂದ ದಿನ ಗಲ್ಲಿಯವರು ಯಾರಾದರೂ ಜೊತೆಗಿರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮಳೆ ಬಂದಾಗ ನೀರು ಯಾವ ಕಡೆ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನುವುದು ಅಲ್ಲೇ ಬಾಳುವ ಅಜ್ಜಿಗೆ ಗೊತ್ತಿರುವಷ್ಟು ನಕ್ಷೆಗೆ ಗೊತ್ತಿರುವುದಿಲ್ಲ. ಅಂದಾಜಿನಲ್ಲಿ ಇಳಿಜಾರು ತಪ್ಪಿದರೆ ಆಮೇಲೆ ಎಷ್ಟು ಒಳ್ಳೆಯ ಕಾಂಕ್ರೀಟ್ ಹಾಕಿದರೂ ನೀರು ಮನೆಯೊಳಗೇ ಬರುತ್ತದೆ.

ನಂತರ ಟೆಂಡರ್. ಇದಕ್ಕೆ 1999ರ ಪಾರದರ್ಶಕತೆ ಕಾಯ್ದೆ ಇದೆ, ಜನ ಕೆಟಿಪಿಪಿ ಅನ್ನುತ್ತಾರೆ. 5 ಲಕ್ಷ ರೂಪಾಯಿಗಿಂತ ಜಾಸ್ತಿಯ ಕಾಮಗಾರಿಗೆ ಟೆಂಡರ್ ಬೇಕು. ಒಂದೇ ರಸ್ತೆಯನ್ನು ‘ಭಾಗ 1, ಭಾಗ 2, ಭಾಗ 3’ ಅಂತ ಮಾಡಿ ಪ್ರತಿಯೊಂದೂ 5 ಲಕ್ಷದ ಕೆಳಗೆ ಬರುವಂತೆ ಇಟ್ಟಿದ್ದರೆ ಯಾಕೆ ಅಂತ ಕೇಳಬೇಕು. ತುಂಡು ಗುತ್ತಿಗೆ ಅನ್ನುವುದು ಇದಕ್ಕೇ. ಟೆಂಡರ್‌ಗೆ ಯಾರೂ ಬರದೆ ಇರುವುದೂ ಉಂಟು. ಆಗ ಮರುಟೆಂಡರ್ ಕರೆಯುತ್ತಾರೆ, ತಿಂಗಳುಗಳು ಕಳೆಯುತ್ತವೆ. ನಮ್ಮ ಕೆಲಸ ತಡವಾಗಿದ್ದು ಯಾರೂ ಟೆಂಡರ್ ಹಾಕದ್ದಕ್ಕೋ, ಅಂದಾಜೇ ತಯಾರಾಗದ್ದಕ್ಕೋ ಅಂತ ತಿಳಿಯದೆ ಕೂಗಾಡಿದರೆ ಉತ್ತರ ಸಿಗುವುದಿಲ್ಲ.

ಟೆಂಡರ್ ಮುಗಿದ ಮೇಲೆ ಕಾರ್ಯಾದೇಶ. ಗುತ್ತಿಗೆದಾರರಿಗೆ ‘ಶುರು ಮಾಡಿ’ ಅನ್ನುವ ಪತ್ರ. ಅದರಲ್ಲಿ ಇಷ್ಟು ದಿನದೊಳಗೆ ಮುಗಿಸಬೇಕು ಅಂತ ಅವಧಿ ಇರುತ್ತದೆ. ನಮಗೆ ಬೇಕಾದ ಅತಿ ಮುಖ್ಯ ತಾರೀಖು ಇದೇ. ಕಾರ್ಯಾದೇಶದ ನಂತರ ತಡವಾದರೆ ಗುತ್ತಿಗೆದಾರರೂ ಎಂಜಿನಿಯರೂ ಹೊಣೆ. ಅದಕ್ಕೆ ಮುಂಚೆ ತಡವಾದರೆ ಕಚೇರಿ ಹೊಣೆ. ಹಾಗಾಗಿ ಎಂಜಿನಿಯರಿಂಗ್ ವಿಭಾಗಕ್ಕೆ ಹೋದಾಗ ‘ನಮ್ಮ ಗಟಾರ ಯಾವಾಗ ಆಗುತ್ತದೆ’ ಅಂತ ಕೇಳಬೇಡಿ. ‘ಸರ್, ನಮ್ಮ ಗಲ್ಲಿ ಗಟಾರದ್ದು ಕಾರ್ಯಾದೇಶ ಆಗೇತೇನ್ರಿ? ಯಾವ ತಾರೀಖಿನದ್ರಿ?’ ಅಂತ ಕೇಳಿ. ಎದುರಿಗಿದ್ದವರು ಫೈಲ್ ನೋಡಲೇಬೇಕಾಗುತ್ತದೆ.

ಕೆಲಸ ನಡೆಯುವಾಗ ಎಂಜಿನಿಯರ್ ಬರೆಯುವುದು ಅಳತೆ ಪುಸ್ತಕ. ಎಲ್ಲರೂ ಎಂ.ಬಿ. ಅನ್ನುತ್ತಾರೆ. ನಿಜವಾಗಿ ಎಷ್ಟು ಮೀಟರ್ ಆಯಿತು, ಎಷ್ಟು ದಪ್ಪ ಹಾಕಿದರು ಅನ್ನುವುದು ಇದರಲ್ಲಿ ದಾಖಲಾಗುತ್ತದೆ. ಬಿಲ್ ಆಗುವುದು ಇದರ ಆಧಾರದ ಮೇಲೆ. ಎಂ.ಬಿ.ಯಲ್ಲಿ 120 ಮೀಟರ್ ಅಂತ ಬರೆದಿದ್ದು, ನೀವು ಟೇಪ್ ಹಿಡಿದರೆ 95 ಬಂದರೆ, ಆ ವ್ಯತ್ಯಾಸ ಒಂದು ಅರ್ಜಿಗೆ ಸಾಕು. ಭಾಷಣ ಬೇಡ.

ಕೊನೆಗೆ ಬಿಲ್ ಪಾವತಿ, ಅದರಾಚೆ ದೋಷ ಹೊಣೆ ಅವಧಿ. ಮುಗಿದ ಕೆಲಸ ಇಷ್ಟು ಕಾಲದೊಳಗೆ ಕೆಟ್ಟರೆ ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಸರಿ ಮಾಡಬೇಕು, ಅದಕ್ಕಾಗಿ ಅವರ ಹಣದಲ್ಲಿ ಸ್ವಲ್ಪ ಹಿಡಿದಿಟ್ಟಿರುತ್ತಾರೆ. ಅವಧಿ ಎಷ್ಟು ಅನ್ನುವುದು ಕರಾರಿನಲ್ಲಿದೆ. ಇದನ್ನು ಕೇಳಿ ಬರೆದಿಟ್ಟುಕೊಳ್ಳುವವರು ಕಡಿಮೆ. ಅವಧಿಯೊಳಗೆ ಡಾಂಬರು ಕಿತ್ತರೆ ‘ಹೊಸ ರಸ್ತೆ ಕೊಡಿ’ ಅಂತ ಬೇಡುವ ಅಗತ್ಯವೇ ಇಲ್ಲ. ‘ಕರಾರಿನ ಪ್ರಕಾರ ಸರಿ ಮಾಡಿಸಿ, ಅಲ್ಲಿಯವರೆಗೆ ಠೇವಣಿ ಬಿಡಬೇಡಿ’ ಅಂತ ಬರೆದರೆ ಆಯಿತು.

ಪ್ರಗತಿ ವರದಿಯಲ್ಲಿ ಎರಡು ಶೇಕಡಾವಾರು ಅಕ್ಕಪಕ್ಕ ಇರುತ್ತವೆ, ಭೌತಿಕ ಪ್ರಗತಿ ಮತ್ತು ಆರ್ಥಿಕ ಪ್ರಗತಿ. ಒಂದು ಕೆಲಸದ್ದು, ಇನ್ನೊಂದು ದುಡ್ಡಿನದು. ಎರಡನ್ನೂ ಸೇರಿಸಿ ಓದಿ. ಭೌತಿಕ ಶೇ 80, ಆರ್ಥಿಕ ಶೇ 35 ಅಂತ ಇದ್ದರೆ ಬಿಲ್ ಬಾಕಿ ಇದೆ ಅಂತ ಅರ್ಥ. ಕೆಲಸ ಅಲ್ಲೇ ನಿಲ್ಲುವ ಸಾಧ್ಯತೆ ಜಾಸ್ತಿ. ಆಗ ಹೋಗಬೇಕಾದ್ದು ಲೆಕ್ಕ ವಿಭಾಗಕ್ಕೆ. ತಿರುಗಾಮುರುಗಾ, ಅಂದರೆ ದುಡ್ಡು ಶೇ 80 ಹೋಗಿ ಕೆಲಸ ಶೇ 35 ಆಗಿದ್ದರೆ, ಎಂ.ಬಿ. ಕೇಳುವ ಸಮಯ ಬಂದಿದೆ.

ಹೆಜ್ಜೆ 4: ದುಡ್ಡು ಯಾವ ಜೇಬಿನಿಂದ ಬಂತು ನೋಡಿ

ಪ್ರತಿ ಕಾಮಗಾರಿಯ ಮುಂದೆ ಅನುದಾನದ ಹೆಸರು ಇರುತ್ತದೆ. ಪಾಲಿಕೆಯ ಸ್ವಂತ ನಿಧಿ, ರಾಜ್ಯ ಹಣಕಾಸು ಆಯೋಗ, ಕೇಂದ್ರದ 15ನೇ ಹಣಕಾಸು ಆಯೋಗ, ರಾಜ್ಯದ ನಗರೋತ್ಥಾನ ಯೋಜನೆ, ಕೇಂದ್ರದ ಅಮೃತ್ ಯೋಜನೆ ಇತ್ಯಾದಿ. ‘ದುಡ್ಡಿಲ್ಲ’ ಅನ್ನುವ ಉತ್ತರ ಬಂದಾಗ ಯಾವ ದುಡ್ಡಿಲ್ಲ ಅಂತ ಕೇಳಲು ಇದು ಬೇಕು. ಪ್ರತಿ ಜೇಬಿಗೂ ಅದರದೇ ಕಟ್ಟುಪಾಡು ಇದೆ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನವನ್ನೇ ನೋಡಿ. ಹತ್ತು ಲಕ್ಷಕ್ಕಿಂತ ಕಡಿಮೆ ಜನರಿರುವ ನಮ್ಮಂಥ ಊರುಗಳಿಗೆ ಅದರಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಅದನ್ನು ಬೇರೆ ಕೆಲಸಕ್ಕೆ ತಿರುಗಿಸುವಂತಿಲ್ಲ. ಪರಿಶಿಷ್ಟರಿಗಾಗಿ ಶೇ 24.10, ಇತರ ಬಡವರಿಗಾಗಿ ಶೇ 7.25, ಅಂಗವಿಕಲರಿಗಾಗಿ ಶೇ 5 ಅಂತ ಪಾಲಿಕೆಗಳ ಬಜೆಟ್‌ನಲ್ಲಿ ತೆಗೆದಿಡುವ ಪಾಲು ಇದೆ. ಈ ಹಣ ವರ್ಷದ ಕೊನೆಗೆ ಖರ್ಚಾಗದೆ ಉಳಿಯಿತು ಅನ್ನುವ ಸಾಲು ವರದಿಯಲ್ಲಿ ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಒಬ್ಬ ಅಂಗವಿಕಲ ಹುಡುಗನಿಗೆ ಸಿಗಬೇಕಾಗಿದ್ದ ತ್ರಿಚಕ್ರ ವಾಹನ ಆ ಸಾಲಿನಲ್ಲಿ ಕೂತಿರುತ್ತದೆ. ನಿಮ್ಮ ವಾರ್ಡಿನಲ್ಲಿ ಅರ್ಹರು ಇದ್ದರೆ ಅವರ ಅರ್ಜಿ ಹಾಕಿಸಲು ಮಾರ್ಚ್ ತನಕ ಕಾಯಬೇಡಿ.

ನಮ್ಮ ಜೇಬಿನಿಂದ ಹೋಗುವುದನ್ನೂ ನೋಡಿಕೊಳ್ಳಿ. ಆಸ್ತಿ ಕರದ ಚಲನ್‌ನಲ್ಲಿ ಕರದ ಜೊತೆ ಉಪಕರಗಳಿರುತ್ತವೆ: ಆರೋಗ್ಯ ಶೇ 15, ಗ್ರಂಥಾಲಯ ಶೇ 6, ಭಿಕ್ಷುಕರ ಪುನರ್ವಸತಿ ಶೇ 3, ನಗರ ಸಾರಿಗೆ ಶೇ 2. ಗ್ರಂಥಾಲಯದ ದುಡ್ಡು ಪಾಲಿಕೆ ಇಟ್ಟುಕೊಳ್ಳುವಂಥದ್ದಲ್ಲ, ಗ್ರಂಥಾಲಯ ಇಲಾಖೆಗೆ ಕಟ್ಟಬೇಕಾದದ್ದು. ನಿಮ್ಮ ಏರಿಯಾದ ಲೈಬ್ರರಿಗೆ ಹೊಸ ಪುಸ್ತಕ ಬಂದಿಲ್ಲ ಅನ್ನುವವರು ‘ಈ ವರ್ಷ ಎಷ್ಟು ಉಪಕರ ವಸೂಲಾಯಿತು, ಎಷ್ಟು ಇಲಾಖೆಗೆ ಹೋಯಿತು’ ಅಂತ ಎರಡು ಅಂಕಿ ಕೇಳಿದರೆ ಸಾಕು. ಕಂದಾಯ ವಿಭಾಗದ ವರದಿಯಲ್ಲಿ ಬೇಡಿಕೆ, ವಸೂಲಿ, ಬಾಕಿ ಅಂತ ಮೂರು ಕಾಲಂ ಇರುತ್ತವೆ. ಬಾಕಿ ಕಾಲಂ ಬೆಳೆಯುತ್ತಾ ಹೋದರೆ ಸ್ವಂತ ನಿಧಿಯ ಕೆಲಸಗಳು ಕುಂಟುತ್ತವೆ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿಯೂ ಇದೆ. ನಾವು ಕಟ್ಟಿದ ಮೇಲೆ ಕೇಳುವ ದನಿಗೆ ಬಲ ಬರುತ್ತದೆ.

ಹೆಜ್ಜೆ 5: ಅಂಕಿಯ ಹಿಂದೆ ಏನಿದೆ

ಪ್ರತಿ ವಿಭಾಗವೂ ತನಗೆ ಹಿತವಾದ ಅಂಕಿಯನ್ನೇ ಮೊದಲು ಹೇಳುತ್ತದೆ. ಅದು ಸಹಜ. ಅದರ ಪಕ್ಕದ ಅಂಕಿಯನ್ನು ನಾವು ಕೇಳಬೇಕು.

ಕಸದ ವರದಿಯಲ್ಲಿ ದಿನಕ್ಕೆ ಇಷ್ಟು ಟನ್ ಸಂಗ್ರಹ ಅಂತ ಇರುತ್ತದೆ. ಅದರಲ್ಲಿ ಹಸಿ ಒಣ ಬೇರೆಯಾಗಿ ಬಂದದ್ದು ಎಷ್ಟು, ಗೊಬ್ಬರವೋ ಮರುಬಳಕೆಯೋ ಆದದ್ದು ಎಷ್ಟು ಅಂತ ಕೇಳಿ. ಸಂಗ್ರಹಕ್ಕೂ ಸಂಸ್ಕರಣೆಗೂ ಇರುವ ಅಂತರವೇ ತುರಮುರಿ ಡಿಪೋದಲ್ಲಿ ಗುಡ್ಡವಾಗಿ ಬೆಳೆಯುವುದು. ಅದರ ವಾಸನೆ ಕುಡಿಯುವುದು ಆ ಊರಿನವರು, ನಾವಲ್ಲ. ಹಾಗಾಗಿ ಮನೆಯಲ್ಲೇ ಹಸಿ ಒಣ ಬೇರೆ ಮಾಡಿ ಕೊಡದೆ ಆರೋಗ್ಯ ವಿಭಾಗಕ್ಕೆ ಪ್ರಶ್ನೆ ಕೇಳುವುದು ನ್ಯಾಯ ಅಲ್ಲ. ಪೌರಕಾರ್ಮಿಕರ ಬಗ್ಗೆಯೂ ಎರಡು ಅಂಕಿ ಕೇಳಿ: ನಮ್ಮ ವಾರ್ಡಿಗೆ ಎಷ್ಟು ಜನ ಹಂಚಿಕೆ, ಅವರಿಗೆ ಕೈಗವಸು, ಬೂಟು ಕೊನೆಗೆ ಕೊಟ್ಟದ್ದು ಯಾವಾಗ. ‘ಗಲ್ಲಿ ಗುಡಿಸಲು ಯಾರೂ ಬರೋದಿಲ್ಲ’ ಅನ್ನುವ ದೂರಿಗೆ ಎಷ್ಟೋ ಸಲ ಉತ್ತರ ಸಿಗುವುದು ಈ ಮೊದಲ ಅಂಕಿಯಲ್ಲಿ.

ನೀರಿನ ಯೋಜನೆಯಲ್ಲಿ ಇಷ್ಟು ಕಿಲೋಮೀಟರ್ ಪೈಪ್ ಹಾಕಿದ್ದೇವೆ ಅನ್ನುತ್ತಾರೆ. ಪೈಪ್ ಹಾಕಿದ್ದಕ್ಕೂ ನಳದಲ್ಲಿ ನೀರು ಬಂದಿದ್ದಕ್ಕೂ ವ್ಯತ್ಯಾಸ ಇದೆ, ಅಲ್ವಾ? ಎಷ್ಟು ಮನೆಗಳಿಗೆ ಸಂಪರ್ಕ ಕೊಟ್ಟರು, ಅದರಲ್ಲಿ ನೀರು ಬಿಟ್ಟದ್ದು ಎಷ್ಟು ಕಡೆ ಅಂತ ಕೇಳಿ.

ಗಟಾರದ ಹೂಳು ತೆಗೆದ ಅಂಕಿಯನ್ನು ಮೇ ತಿಂಗಳಲ್ಲೇ ನೋಡಬೇಕು. ಬೆಳಗಾವಿಯಲ್ಲಿ ಜೂನ್‌ನಿಂದ ಮಳೆ ಹಿಡಿದರೆ ಬಿಡುವುದಿಲ್ಲ. 2019ರ ಆಗಸ್ಟ್‌ನ ಪ್ರವಾಹ ಯಾರೂ ಮರೆತಿಲ್ಲ. ವಡಗಾವಿ, ಶಹಾಪುರ ಕಡೆಯವರಿಗೆ ಬಳ್ಳಾರಿ ನಾಲೆ ಉಕ್ಕಿದರೆ ಹೊಲಕ್ಕೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಗಲ್ಲಿಯ ಗಟಾರ ಎಷ್ಟು ಚೊಕ್ಕವಿದ್ದರೂ ಅದು ಹೋಗಿ ಸೇರುವ ನಾಲೆ ಹೂಳು ತುಂಬಿದ್ದರೆ ನೀರು ಹಿಂದಕ್ಕೇ ಬರುತ್ತದೆ. ಅದಕ್ಕೆ ಒಂದು ವಾರ್ಡಿನ ಅರ್ಜಿ ಸಾಲದು. ನಾಲೆಯ ದಂಡೆಯ ವಾರ್ಡುಗಳವರು ಕೂಡಿ ಕೇಳಬೇಕು.

ಸಮುದಾಯದ ಯೋಜನೆಗಳು ಪೇಪರಿನಲ್ಲಿ ಫೋಟೋ ಜೊತೆ ಬರುತ್ತವೆ. ಮಹಿಳಾ ಸ್ವಸಹಾಯ ಸಂಘ, ಬೀದಿ ವ್ಯಾಪಾರಿಗಳ ಸಾಲ, ಉದ್ಯಾನ ದತ್ತು ಹೀಗೆ. ಇಲ್ಲಿ ಕೇಳಬೇಕಾದ್ದು ಮುಂದಿನ ವರ್ಷ ಏನಾಯಿತು ಅಂತ. ಖಡೇಬಜಾರ್, ಗಣಪತ್ ಗಲ್ಲಿಯಂಥ ಕಡೆ ತಳ್ಳುಗಾಡಿಯವರಿಗೆ ಒಂದು ಮಾತು ಹೇಳುವುದಿದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40 ಜನ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಣ್ಣುಮಕ್ಕಳು. ಸಮಿತಿ ಕೊನೆಗೆ ಸೇರಿದ್ದು ಯಾವಾಗ ಅನ್ನುವ ತಾರೀಖು ಕೇಳಿದರೆ ಉಳಿದದ್ದು ತಿಳಿಯುತ್ತದೆ.

ಹೆಜ್ಜೆ 6: ಕೇಳುವ ಕ್ರಮ

ಮೊದಲು ಬಾಯಿಮಾತು. ವಾರ್ಡಿನ ಜೆಇ ಅಥವಾ ಹೆಲ್ತ್ ಇನ್‌ಸ್ಪೆಕ್ಟರ್ ಇವರನ್ನು ಕಾಣಿ. ಅವರೂ ಒಬ್ಬೊಬ್ಬರೇ ಹಲವು ವಾರ್ಡು ನೋಡಿಕೊಳ್ಳುತ್ತಾರೆ. ಮರ್ಯಾದೆಯಿಂದ, ನಿಖರವಾಗಿ ಕೇಳಿದರೆ ಬಹಳಷ್ಟು ಕೆಲಸ ಇಲ್ಲೇ ಮುಗಿಯುತ್ತದೆ.

ಆಗಲಿಲ್ಲವೋ, ಬರೆದು ಕೊಡಿ. ಎರಡು ಪ್ರತಿ ಒಯ್ಯಿರಿ. ಬಂದ ಪತ್ರಗಳನ್ನು ದಾಖಲಿಸುವ ಆವಕ ವಿಭಾಗದಲ್ಲಿ ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸಿಕ್ಕಾ, ಸಹಿ, ಆವಕ ನಂಬರ್ ಹಾಕಿಸಿಕೊಳ್ಳಿ. ಆ ನಂಬರ್ ಇಲ್ಲದ ಅರ್ಜಿ ಕೊಟ್ಟಂತೆಯೇ ಅಲ್ಲ. ಫೋನ್ ಮಾಡುವುದಾದರೆ ರಾಜ್ಯದ ಜನಸ್ಪಂದನ ಸಹಾಯವಾಣಿ 1902 ಇದೆ. ಅಲ್ಲಿಯೂ ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ.

ದಾಖಲೆ ಬೇಕಾದಾಗ ಮಾಹಿತಿ ಹಕ್ಕು. 2005ರ ಈ ಕಾಯ್ದೆಯಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಅಂಚೆ ಕಚೇರಿಯಲ್ಲಿ ಸಿಗುವ ಪೋಸ್ಟಲ್ ಆರ್ಡರ್ ಹಚ್ಚಿದರೆ ಆಯಿತು. ಬಿಪಿಎಲ್ ಕಾರ್ಡಿನವರಿಗೆ ಶುಲ್ಕ ಇಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಉತ್ತರಕ್ಕೆ 30 ದಿನ. ತಪ್ಪಾದ ಕಚೇರಿಗೆ ಕೊಟ್ಟಿದ್ದರೂ ಅವರು ಐದು ದಿನದೊಳಗೆ ಸರಿಯಾದ ಕಡೆಗೆ ಕಳಿಸಬೇಕು. ‘ಯಾಕೆ ಮಾಡಿಲ್ಲ’ ಅಂತ ಬರೆಯಬೇಡಿ. ಕಾಯ್ದೆ ಕೊಡಿಸುವುದು ಇರುವ ದಾಖಲೆಯನ್ನು, ವಿವರಣೆಯನ್ನಲ್ಲ. ಹೀಗೆ ಬರೆದರೆ ಸಾಕು:

‘ವಾರ್ಡ್ ನಂಬರ್ ____, ____ ಗಲ್ಲಿಯಲ್ಲಿ ____ ಸಾಲಿನಲ್ಲಿ ಕೈಗೊಂಡ ಗಟಾರ ಕಾಮಗಾರಿಗೆ ಸಂಬಂಧಿಸಿ ಅಂದಾಜು ಪತ್ರಿಕೆ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಿಸಿದ ಪುಟಗಳು, ಇದುವರೆಗೆ ಪಾವತಿಸಿದ ಬಿಲ್ಲುಗಳು ಹಾಗೂ ದೋಷ ಹೊಣೆ ಅವಧಿಯನ್ನು ನಮೂದಿಸಿದ ಕರಾರಿನ ಪುಟ, ಇವುಗಳ ದೃಢೀಕೃತ ಪ್ರತಿ ಒದಗಿಸಿ.’

ಇದೇ ಕಾಯ್ದೆಯಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲದ ಇನ್ನೊಂದು ಹಕ್ಕಿದೆ. ನಡೆಯುತ್ತಿರುವ ಕಾಮಗಾರಿಯನ್ನೇ ಪರಿಶೀಲಿಸಲು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯಲು ಅರ್ಜಿ ಹಾಕಬಹುದು. ಸಿಮೆಂಟ್, ಜಲ್ಲಿಯ ಮೇಲೆ ಸಂಶಯ ಬಂದರೆ ಇದನ್ನು ಬಳಸಿ.

30 ದಿನದಲ್ಲಿ ಉತ್ತರ ಬರದಿದ್ದರೆ ನಂತರದ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅದೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ಆಯೋಗದ ಪೀಠ ಬೆಳಗಾವಿಯಲ್ಲೇ ಇರುವುದರಿಂದ ಬೆಂಗಳೂರಿಗೆ ಓಡುವ ಚಿಂತೆ ಇಲ್ಲ.

ಕೇಳುವುದಕ್ಕೂ ಕಾಲ ಇದೆ. ಮಳೆಗೆ ಮುಂಚಿನ ಕೆಲಸದ ಅರ್ಜಿ ಏಪ್ರಿಲ್‌ನಲ್ಲೇ ಹೋಗಬೇಕು. ಗಣೇಶೋತ್ಸವಕ್ಕೆ ಮುಂಚೆ ಮೆರವಣಿಗೆಯ ರಸ್ತೆ, ಕಪಿಲೇಶ್ವರ ಹೊಂಡದ ಕಡೆಗೆ ಎಲ್ಲರ ಗಮನ ಇರುತ್ತದೆ. ಆ ದಾರಿಗೆ ಹೊಂದಿದ ಕೆಲಸವಾದರೆ ಆಗ ಕೇಳಿ. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವಾಗ ಅಧಿಕಾರಿಗಳು ಕಚೇರಿಯಲ್ಲಿ ಸಿಗುವುದು ಕಷ್ಟ, ಸುಮ್ನೆ ಅಲೆಯಬೇಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಬಿಲ್ ಮುಗಿಸುವ ಅವಸರ ಇರುತ್ತದೆ. ಗಲ್ಲಿಯಲ್ಲಿ ರಾತ್ರೋರಾತ್ರಿ ಕೆಲಸ ಶುರುವಾದರೆ ಟೇಪ್ ಹಿಡಿದು ಹೊರಗೆ ಬನ್ನಿ.

ಹೆಜ್ಜೆ 7: ಗಲ್ಲಿಗೊಂದು ಹಾಳೆ

ಇಷ್ಟೆಲ್ಲ ಒಬ್ಬರ ತಲೆಯಲ್ಲಿದ್ದರೆ ಪ್ರಯೋಜನ ಕಡಿಮೆ. ತಿಂಗಳಿಗೆ ಒಂದೇ ಒಂದು ಹಾಳೆ ಬರೆದು ಗುಡಿಯ ಹತ್ತಿರವೋ, ಕಿರಾಣಿ ಅಂಗಡಿಯ ಗೋಡೆಗೋ ಹಚ್ಚಿ. ವಾಟ್ಸ್ಆ್ಯಪ್ ಗ್ರೂಪಿಗೂ ಫೋಟೋ ಹಾಕಿ. ಆದರೆ ಗೋಡೆಯ ಮೇಲಿನ ಹಾಳೆ ಬಿಡಬೇಡಿ, ಫೋನ್ ನೋಡದ ಹಿರಿಯರೂ, ಮನೆಗೆಲಸಕ್ಕೆ ಬರುವ ಹೆಣ್ಣುಮಕ್ಕಳೂ ಅದನ್ನು ಓದುತ್ತಾರೆ. ಮರಾಠಿ, ಉರ್ದು ಓದುವವರು ಗಲ್ಲಿಯಲ್ಲಿದ್ದರೆ ಅವರಲ್ಲೇ ಒಬ್ಬರಿಂದ ಪಕ್ಕದಲ್ಲಿ ಬರೆಸಿ. ಗಟಾರದ ನೀರು ಎಲ್ಲರ ಮನೆಗೂ ನುಗ್ಗುತ್ತದೆ.

ಹಾಳೆಯಲ್ಲಿ ಪ್ರತಿ ಕೆಲಸಕ್ಕೂ ಒಂದು ಸಾಲು ಸಾಕು. ಕೆಲಸದ ಹೆಸರು, ಯಾರ ಹೊಣೆ, ಯಾವ ಅನುದಾನ, ಈಗ ಯಾವ ಹಂತ, ಹೋದ ತಿಂಗಳು ಯಾವ ಹಂತದಲ್ಲಿತ್ತು, ನಮ್ಮ ಅರ್ಜಿಯ ಆವಕ ನಂಬರ್. ನೋಡಿ, ಹೀಗೆ:

‘ಮಾರುತಿ ಗುಡಿಯಿಂದ ಶಾಲೆಯವರೆಗೆ ಗಟಾರ. ಪಾಲಿಕೆ ಎಂಜಿನಿಯರಿಂಗ್ ವಿಭಾಗ. ರಾಜ್ಯ ಹಣಕಾಸು ಆಯೋಗದ ಅನುದಾನ. ಈಗ: ಟೆಂಡರ್ ಮುಗಿದಿದೆ, ಕಾರ್ಯಾದೇಶ ಆಗಿಲ್ಲ. ಹೋದ ತಿಂಗಳು: ಟೆಂಡರ್. ಮುಂದಿನ ವಾರ ಇಬ್ಬರು ಹೋಗಿ ಕಾರ್ಯಾದೇಶದ ತಾರೀಖು ಕೇಳುವುದು.’

ಆದ ಕೆಲಸವನ್ನೂ ಬರೆಯಿರಿ. ಬೀದಿ ದೀಪ ದುರಸ್ತಿ ಆಯಿತು ಅಂದರೆ ತಾರೀಖು ಹಾಕಿ ‘ಆಗಿದೆ’ ಅಂತ ಬರೆದು ಲೈನ್‌ಮನ್ ಅಣ್ಣನಿಗೆ ಥ್ಯಾಂಕ್ಸ್ ಹೇಳಿ. ಬರೀ ದೂರಿನ ಹಾಳೆಯನ್ನು ಯಾರೂ ಎರಡನೇ ತಿಂಗಳು ಓದುವುದಿಲ್ಲ. ಕೇಳಿದ ಸುದ್ದಿ, ಸಂಶಯ, ಯಾರೋ ದುಡ್ಡು ತಿಂದರು ಅನ್ನುವ ಮಾತು ಹಾಳೆಗೆ ಬರಬಾರದು. ದಾಖಲೆಯಲ್ಲಿ ಇದ್ದದ್ದು, ಕಣ್ಣಿಂದ ನೋಡಿದ್ದು, ಟೇಪಿನಿಂದ ಅಳೆದದ್ದು ಇಷ್ಟೇ ಬರಲಿ.

ಈ ಹಾಳೆಗೆ ಕಾಯ್ದೆಯಲ್ಲೇ ಒಂದು ಜಾಗ ಇದೆ, ಅದು ವಾರ್ಡ್ ಸಮಿತಿ. ನಗರಸೇವಕರು ಅಧ್ಯಕ್ಷರು, ಪಾಲಿಕೆ ನೇಮಿಸುವ ಹತ್ತು ಸದಸ್ಯರು. ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟರು, ಇಬ್ಬರು ನಿವಾಸಿಗಳ ಸಂಘದವರು ಇರಬೇಕು. ತಿಂಗಳಿಗೊಮ್ಮೆ ಸೇರಬೇಕು. ನಿಮ್ಮ ವಾರ್ಡಿನ ಸಮಿತಿ ನಡೆಯುತ್ತಿದ್ದರೆ ಹಾಳೆಯ ಒಂದು ಪ್ರತಿ ಸಭೆಗೆ ಕೊಟ್ಟು ನಡವಳಿಯಲ್ಲಿ ಸೇರಿಸಲು ಹೇಳಿ. ನಡೆಯುತ್ತಿಲ್ಲವಾದರೆ ಹಾಳೆಯ ಮೊದಲ ಸಾಲೇ ‘ವಾರ್ಡ್ ಸಮಿತಿ: ಸಭೆ ಆಗಿಲ್ಲ’ ಅಂತ ಇರಲಿ, ಪ್ರತಿ ತಿಂಗಳೂ.

ಬರೆಯುವ ಹೊಣೆ ಒಬ್ಬರ ಮೇಲೇ ಹಾಕಬೇಡಿ. ಆರಾರು ತಿಂಗಳಿಗೆ ಬದಲಾಗಲಿ, ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರೂ ಬರೆಯಲಿ. ಹಳೆಯ ಹಾಳೆಗಳನ್ನು, ಸಿಕ್ಕಾ ಬಿದ್ದ ಅರ್ಜಿಗಳನ್ನು, ಮಾಹಿತಿ ಹಕ್ಕಿನಲ್ಲಿ ಬಂದ ಪ್ರತಿಗಳನ್ನು ಒಂದೇ ಫೈಲಿನಲ್ಲಿ ಇಡಿ. ವಾರ್ಡಿಗೆ ಹೊಸ ಜೆಇ ವರ್ಗವಾಗಿ ಬಂದಾಗ, ಹೊಸ ನಗರಸೇವಕರು ಆರಿಸಿ ಬಂದಾಗ ಮೊದಲ ವಾರವೇ ಆ ಫೈಲಿನ ಒಂದು ಜೆರಾಕ್ಸ್ ಸೆಟ್ ಅವರ ಕೈಗೆ ಕೊಟ್ಟು ಬನ್ನಿ. ಅದಕ್ಕೂ ಆವಕ ನಂಬರ್ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.